ಗುಬ್ಬಕ್ಕನ ಕತೆಗೆ ಹೂಂಗುಟ್ಟಿದವರು

ದೀಪ ಸ್ವಲ್ಪ ಸಣ್ಣ ಮಾಡಿ. ಹಾಂ... ಸಾಕು. ಇದು ನಮ್ಮ ದೊಡ್ಡಪ್ಪನ ಮಗಳು ಗುಬ್ಬಕ್ಕನಿಗೆ ಆಗಿದ್ದು. ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು ಅವಳೇ ಹೇಳಿದ್ದು.

ರಾತ್ರಿ ಕೆಲಸ ಮುಗಿಸಿ ಒಬ್ಬಳೇ ನಡ್ಕೊಂಡು ಬರ್ತಾಳೆ. ಕಾರ್ಖಾನೆ ಗೋಡೆ ಪಕ್ಕ ಒಂದು ಓಣಿ. ಓಣಿ ಮಧ್ಯ ಪಾಳುಬಾವಿ. ಮೇಲೆ ಕಬ್ಬಿಣದ ಜಾಲರಿ ಹಾಕಿದಾರೆ, ಒಂದು ಮೂಲೆ ಮುರಿದುಹೋಗಿದೆ.

ಅವಳದು ಕನ್ನಡಕದ ಗಾಜು ಉಜ್ಜೋ ಕೆಲಸ. ಯಂತ್ರದ ‘ಕಿರ್ರ್’ ಸದ್ದಲ್ಲಿ ಪಕ್ಕದವಳು ಕೂಗಿದರೂ ಕೇಳಲ್ಲ. ಮನೇಲೂ ಯಾರಿಲ್ಲ. ಭಾವ ತೀರಿಕೊಂಡ ಮೇಲೆ ಅಲ್ಲಿ ಗೊಣಗೋದು ಅಂದ್ರೆ ಫ್ರಿಜ್ ಒಂದೇ. ಚಿಕ್ಕವಳಿದ್ದಾಗ ಬಾಯಿ ಮುಚ್ತಾನೇ ಇರಲಿಲ್ಲ, ಅದಕ್ಕೇ ಗುಬ್ಬಿ ಅಂತ ಹೆಸರು ಬಿದ್ದಿದ್ದು. ಅಂಥವಳು ಈಗ ಹಾಲಿನವನಿಗೆ “ಅರ್ಧ ಲೀಟರ್” ಅಂದ್ರೆ ಆವತ್ತಿನ ಮಾತು ಮುಗೀತು.

ಯಂತ್ರ ರಿಪೇರಿ ಮಾಡೋ ಹೆಂಗಸು ಒಬ್ಬಳು, ಪಾಪ, ಗುಬ್ಬಕ್ಕನ ಫೋನಿಗೆ ಒಂದು ಆಡಿಯೋ ಪುಸ್ತಕ ಹಾಕಿಕೊಟ್ಟಳು. ಹಳೇ ಕಾಲದ ಮಾಯಾಲೋಕದ ಕಾದಂಬರಿ. ಮನೆ ದಾರಿ ಮರೆತ ಒಬ್ಬಳು ರಾಣಿ. ಅವಳನ್ನ ಬೆನ್ನ ಮೇಲೆ ಹೊತ್ಕೊಂಡು ಹಿಮದ ಬೆಟ್ಟ ದಾಟೋ ಕುಂಟ ತೋಳ. ಓದಿದವರು ಯಾರೋ ವಯಸ್ಸಾದವರು. ಹಾಳೆ ತಿರುಗಿಸೋ ‘ಸರಕ್’ ಕೂಡ ಕೇಳಿಸುತ್ತೆ. ತೋಳ ಮಾತಾಡೋವಾಗ ದನಿ ಇಳಿಸ್ತಾರೆ...

“ನನಗೊಬ್ಬಳಿಗೇ ಓದಿ ಹೇಳ್ತಿದಾರೆ ಅನ್ಸುತ್ತೆ ಕಣೋ” ಅಂತಿದ್ದಳು. ಮುಖ ಅರಳಿತ್ತು.

ಓಣೀಲಿ ಬರೋವಾಗ ಒಂದೇ ಕಿವಿಗೆ ಇಯರ್‌ಫೋನ್. ಹಿಂದೆ ಯಾರಾದರೂ ಬಂದ್ರೆ ಗೊತ್ತಾಗಲಿ ಅಂತ. ಇನ್ನೊಂದು ಎಡಗಡೆ ನೇತಾಡ್ತಿರುತ್ತೆ.

ಒಂದಿನ ಬಾವಿ ಹತ್ತಿರ ಬಂದಿದಾಳೆ. ಓದ್ತಿದ್ದವರು ಉಸಿರು ತಗೊಂಡ್ರು.

“ಹೂಂ...”

ಅಜ್ಜಿ ಕತೆ ಹೇಳೋವಾಗ ಮಕ್ಕಳು ಅಂತಾರಲ್ಲ, ಹಾಗೆ. ನಿಂತಳು. ಹಿಂದಕ್ಕೆ ಹಾಕಿ ಕೇಳಿದಳು. ‘ಸರಕ್’ ಇದೆ, ಉಸಿರಿದೆ... ಹೂಂ ಇಲ್ಲ.

ಅಷ್ಟರಲ್ಲಿ ಎಡಗಡೆ ವಯರು ಮೆಲ್ಲಗೆ ಮೇಲೆ ಎದ್ದಿತು. ಪಕ್ಕದಲ್ಲಿ ಯಾರೋ ಅದನ್ನ ತೆಗೆದು ತಮ್ಮ ಕಿವಿಗೆ ಇಟ್ಕೊಂಡ ಹಾಗೆ. ಬಿಗಿಯಾಯ್ತು. ಇವಳು ನಡೆದರೆ ಅದೂ ನಡೀತು. ಓಣಿ ತಿರುವಿನಲ್ಲಿ ‘ಟಪ್’ ಅಂತ ಎದೆ ಮೇಲೆ ಬಿತ್ತು.

ನಾನು ಕೇಳಿ ಬೈದೆ. “ಹುಚ್ಚಾ ನಿನಗೆ? ನಾಳೆಯಿಂದ ದೊಡ್ಡ ರಸ್ತೇಲಿ ಬಾ.”

“ದೊಡ್ಡ ರಸ್ತೇಲಿ ನನಗೆ ಯಾರಿದಾರೋ?” ಅಂದಳು.



ದಿನಾ ಆ ದಾರೀಲೇ ಬಂದಳು. ದಿನಾ ಹೂಂ. ಕೊನೇ ಅಧ್ಯಾಯದ ದಿನ, ಇಬ್ಬರೂ ಕೂತೇ ಕೇಳೋಣ ಅಂತ ಬಾವಿಕಟ್ಟೆ ಮೇಲೆ ಕೂತಳಂತೆ! ರಾಣಿ ಮನೆ ಬಾಗಿಲಿಗೆ ಬಂದಿದಾಳೆ. ಕಾವಲಿನವನು, ಒಬ್ಬರಿಗೆ ಮಾತ್ರ ಒಳಗೆ ಜಾಗ ಅಂತಾನೆ. ರಾಣಿ ತಿರುಗಿ ತೋಳದ ಮುಖ ನೋಡ್ತಾಳೆ...

‘ಟುಣ್.’ ಫೋನ್ ಆಫ್.

ಕತ್ತಲು. ಕೆಳಗೆ ನೀರಲ್ಲಿ ‘ಡುಬುಕ್’ ಅಂತು. ಎಡಗಿವಿ ಹತ್ತಿರ ತಣ್ಣಗೆ...

“ಮುಂದೆ?”

“ಗೊತ್ತಿಲ್ಲ... ಚಾರ್ಜು ಹೋಯ್ತು.”

ವಯರು ಜಗ್ಗಿತು. ಮುರಿದ ಮೂಲೆ ಕಡೆಗೆ. ಬಿಟ್ಟುಬಿಡೋಣ ಅಂದ್ರೆ ವಯರು ಮಣಿಕಟ್ಟಿಗೆ ಸುತ್ಕೊಂಡಿದೆ. ಎಡಗೈ ಮೊಣಕೈವರೆಗೂ ಜಾಲರಿ ಒಳಗೆ ಹೋಯ್ತು. ಕಬ್ಬಿಣ ‘ಕಟಕಟ’ ಅಂತಿದೆ.

“ಮುಂದೆ?”

ಗುಬ್ಬಕ್ಕ ಬಾಯಿ ತೆರೆದಳು. “ರಾಣಿ... ರಾಣಿ ಒಳಗೆ ಹೋಗಲಿಲ್ಲ.”

“ಹೂಂ.”

“ಬಾಗಿಲಾಚೆ ತೋಳದ ಜೊತೇನೇ ಕೂತಳು. ಬೆಂಕಿ ಹಾಕ್ಕೊಂಡ್ರು. ತನ್ನ ಮನೆ ಹೇಗಿತ್ತು ಅಂತ ಹೇಳಿದಳು. ಬಾಗಿಲ ಹಿಂದೆ ಅವನ ಅಂಗಿ ಇನ್ನೂ ನೇತಾಡ್ತಿದೆ... ಈಗಲೂ ಎರಡು ಲೋಟ ಇಡ್ತೀನಿ, ಆಮೇಲೆ ಒಂದನ್ನ ಎತ್ತಿಡ್ತೀನಿ...”

“ಹೂಂ.”

ಹೇಳ್ತಾನೇ ಹೋದಳು. ಅಷ್ಟು ಮಾತು ತನ್ನೊಳಗೆ ಇತ್ತು ಅಂತ ಅವಳಿಗೇ ಗೊತ್ತಿರಲಿಲ್ಲ. ಗಂಟಲು ಒಣಗಿ, “ಅಷ್ಟೇ... ಮುಗೀತು” ಅಂದಳು. ವಯರು ಸಡಿಲವಾಯ್ತು.

ಮಾರನೇ ದಿನ ಮನೇಲಿ ಕೂತು ನಿಜವಾದ ಕೊನೆ ಕೇಳಿದಳು. ಪುಸ್ತಕದಲ್ಲಿ ರಾಣಿ ಒಬ್ಬಳೇ ಒಳಗೆ ಹೋಗ್ತಾಳೆ. ಬಾಗಿಲು ಹಾಕ್ಕೊಳ್ಳುತ್ತೆ. ತೋಳದ ಸುದ್ದೀನೇ ಇಲ್ಲ.

ಆಮೇಲೆ ಆ ಹೂಂ ಬರಲೇ ಇಲ್ಲ. ಬೇರೆ ಪುಸ್ತಕ ಹಾಕಿದಳು. ಬಾವಿ ಹತ್ತಿರ ನಿಂತು ನೋಡಿದಳು. “ನನ್ನ ಮಾತು ಬೇಜಾರಾಯ್ತೇನೋ ಕಣೋ” ಅಂತ ನನ್ನ ಮುಂದೆ ಅತ್ತಳು. ಮನೆಯವರು ಯಾರೋ ಹೋದ ಹಾಗೆ ಅತ್ತಳು.

ನಂಬದಿದ್ರೆ ಬಿಡಿ. ಆ ರಾತ್ರಿ ಅವಳು ಹಾಕ್ಕೊಂಡಿದ್ದ ಸ್ವೆಟರ್ ನಾನೇ ಒಗೆದು ಅವಳ ಮನೆ ಮಹಡಿ ಮೇಲೆ ಬಿಸಿಲಿಗೆ ಹಾಕಿದ್ದೆ. ಸುಡೋ ಬಿಸಿಲು. ಉಳಿದಿದ್ದೆಲ್ಲ ಗರಿಗರಿ ಒಣಗಿತು. ಎಡತೋಳು ಮಾತ್ರ ಇವತ್ತಿಗೂ ಒಣಗಿಲ್ಲ. ಮೊನ್ನೆ ಹೋದಾಗ ಹಿಂಡಿದೆ... ಈ ಕೈಯಿಂದಾನೇ ಹಿಂಡಿದ್ದು.

ನೀರು ಬಂತು.