ಚಿಕ್ಕಪ್ಪನ ಸ್ಟೀಲ್ ಲೋಟ

ಫ್ಯಾಕ್ಟರೀಲಿ ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಉರಿಗಾಂ ಕಡೆಯಿಂದ ನಡ್ಕೊಂಡು ಬರ್ತಿದ್ದೆ. ಮುಚ್ಚಿದ ಚಿನ್ನದ ಗಣಿಯ ಶಾಫ್ಟ್ ಪಕ್ಕ ಆಲದ ಮರ. ಅದನ್ನ ದಾಟಿದ್ರೆ ನನ್ನ ಚಿಕ್ಕಪ್ಪನ ಮಗಳು ಕಲ್ಪನಳ ಮನೆ, ಗಣಿ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಲೈನ್ ಮನೆ. ಆ ಹೊತ್ತಲ್ಲೂ ದೀಪ ಉರೀತಿತ್ತು... ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಗಬೇಡಿ.

ಚಿಕ್ಕಪ್ಪ ಕೋದಂಡಪ್ಪ ತೀರಿಕೊಂಡು ಆಗ ತಿಂಗಳಾಗಿತ್ತು. ಗಣಿಯ ಧೂಳು ಎದೆ ತುಂಬಿ, ಕೊನೆಕೊನೆಗೆ ಅವರಿಗೆ ದನಿಯೇ ಇರಲಿಲ್ಲ. ಏನಾದ್ರೂ ಬೇಕಾದ್ರೆ ಸ್ಟೀಲ್ ಲೋಟದಿಂದ ಕಬ್ಬಿಣದ ಮಂಚಕ್ಕೆ ಮೂರು ಸಲ ಬಡಿಯೋರು. ಗಣೀಲಿ ಮೂರು ಸಲ ಗಂಟೆ ಬಾರಿಸಿದ್ರೆ, ಇಳಿಸಿ ಹತ್ತಿಸೋ ಕೇಜಲ್ಲಿ ಮನುಷ್ಯರಿದ್ದಾರೆ ಅಂತ ಅರ್ಥ. ಅದೇ ಅಭ್ಯಾಸ.

ಕಲ್ಪನಳದ್ದು ಕಂಪ್ಯೂಟರ್ ಕರ್ನೆಲ್ ಕೆಲಸ, ಅಂದ್ರೆ ಇಡೀ ಯಂತ್ರಾನ ಒಳಗಿಂದ ನಡೆಸೋ ಪ್ರೋಗ್ರಾಂ ಬರೆಯೋದು. ಪ್ರೊಸೆಸರ್ ಎಷ್ಟು ವೇಗಕ್ಕೆ ಏರಬಹುದು ಅಂತ ಮಿತಿ ಹಾಕೋ ಡ್ರೈವರ್ ಅನ್ನೋ ತುಣುಕು ಅದರಲ್ಲಿ ಇರುತ್ತಲ್ಲ, ಅದನ್ನ ತಿದ್ದೋದು. ರಾತ್ರಿ ಅಪ್ಪನ ಪಕ್ಕದ ಕೋಣೇಲಿ ಕೂತಾಗ ತನ್ನ ಲ್ಯಾಪ್‌ಟಾಪಿನ ಮಿತೀನ ತೀರಾ ಕೆಳಗಿಡ್ತಿದ್ಲು. ಕೆಲಸ ತೆವಳುತ್ತೆ, ಆದ್ರೆ ಬಿಸಿಯಾಗದೆ ಅದರೊಳಗಿನ ಫ್ಯಾನ್ ಸುಮ್ಮನಿರುತ್ತೆ. ಅಪ್ಪ ಬಡಿದ್ರೆ ಕೇಳುತ್ತೆ.

ಒಂದು ರಾತ್ರಿ ಕರೆಂಟ್ ಹೋಗಿ ಬಂತು. ಡ್ರೈವರಲ್ಲಿ ತಪ್ಪಿತ್ತು... ಕರೆಂಟ್ ಬಂದ ತಕ್ಷಣ ಹಾಕಿದ್ದ ಮಿತೀನ ಮರೆತುಬಿಡ್ತು. ಫ್ಯಾನ್ ರೊಂಯ್ಯ್... ಅಂತ ಎದ್ದಿತು. ಕೆಲಸ ಬೇಗ ಸಾಗ್ತಿದೆ, ಇವತ್ತೊಂದಿನ ಇರಲಿ ಅಂದ್ಕೊಂಡ್ಲು. ಒಂದೇ ದಿನ. ಬೆಳಗ್ಗೆ ಕಾಫಿ ತಗೊಂಡು ಹೋದ್ರೆ ಚಿಕ್ಕಪ್ಪ ತಣ್ಣಗಾಗಿದ್ರು. ಮಂಚದ ಸರಳಿನ ಬಣ್ಣ ಎದ್ದುಹೋಗಿತ್ತು. ಎಷ್ಟು ಸಲ ಬಡಿದ್ರೋ... ಕೈಯಿಂದ ಲೋಟ ಬಿಡಿಸೋಕಾಗದೆ ಹಾಗೇ ಮಣ್ಣು ಮಾಡಿದ್ವಿ.

ಆವತ್ತು ಶಿಫ್ಟ್ ಮುಗಿಸಿ ಬರ್ತಾ, ದೀಪ ಕಂಡು ನಾನು ಒಳಗೆ ಹೋದಾಗ ಅವಳು ತಲೆ ಎತ್ತಲಿಲ್ಲ.

"ಅಣ್ಣಾ, ಚಾರ್ಜರ್ ಕಿತ್ತು ಮತ್ತೆ ಆಕು," ಪಿಸುಗುಟ್ಟಿದ್ಲು. "ತಿದ್ದಿವ್ನಿ. ಮಿತಿ ನಿಲ್ತದಾ ನೋಡಾಣ."

"ಇಷ್ಟೊತ್ನಲ್ಲಾ? ಮಲಗಮ್ಮ."

"ಅಪ್ಪ ಓದ್ಮೇಲಾದ್ರೂ ಸರಿ ಮಾಡ್ಬೇಕಲ್ಲಣ್ಣಾ..."

ಕಿತ್ತೆ. ಹಾಕಿದೆ. ಪರದೆ ಮೇಲಿನ ಅಂಕಿ ಕದಲಲಿಲ್ಲ. ಫ್ಯಾನ್ ಏಳಲಿಲ್ಲ. ತಪ್ಪು ಸರಿಯಾಗಿತ್ತು. ಗೋಡೆ ಗಡಿಯಾರದ ಟಿಕ್ ಟಿಕ್ ಕೂಡ ಕೇಳಿಸೋಷ್ಟು ನಿಶ್ಶಬ್ದ.

ಆಗ ಪಕ್ಕದ ಕೋಣೆಯಿಂದ...

ಟಣ್... ಟಣ್... ಟಣ್.

"ನಿಂಗೂ ಕೇಳುಸ್ತಾ?" ಅಂದ್ಲು. ಅವಳು ನೀರಿನ ಚೊಂಬು ಹಿಡ್ಕೊಂಡು, "ಬಂದೆ ಅಪ್ಪಾ, ಬಂದೆ..." ಅಂತ ಓಡಿದ್ಲು.

ಇವತ್ತಿಗೂ ಆ ಮಿತಿ ಏರಿಸಿಲ್ಲ. ದಿನಾ ರಾತ್ರಿ ಹಾಗೇ ಎದ್ದು ಹೋಗ್ತಾಳೆ. ಎದೆ ಒಡೆದವಳ ಭ್ರಮೆ ಅಂತೀರೇನೋ. ನನ್ನ ಎದೆ ಒಡೆದಿರಲಿಲ್ಲ, ನಾನು ಕಿವಿಯಾರೆ ಕೇಳಿದ್ದೀನಿ. ಕಬ್ಬಿಣದ ಮೇಲೆ ಸ್ಟೀಲು. ಮೂರು ಸಲ.

ಆ ಮಂಚವನ್ನ ತಿಥಿ ಮುಗಿದ ಮಾರನೇ ದಿನವೇ ಗುಜರಿ ಅಂಗಡಿಗೆ ಹೊತ್ತು ಹಾಕಿ ಬಂದವನು ನಾನೇ.