ಎಲೆ ಮುಚ್ಚಿದ ದಿಮ್ಮಿ

ಮೂಳೆ ಡಾಕ್ಟರಿಗಾಗಿ ಕಾಯುತ್ತಿದ್ದ ನಿವೃತ್ತ ಮೇಷ್ಟರಿಗೆ ಕೈ ಮುರಿದಿತ್ತೇ ಹೊರತು ಕಿವಿ ನೆಟ್ಟಗಿತ್ತು. ಹಿಂದಿನ ಬೆಂಚಿನಲ್ಲಿ ಕೆಸರು ಬೂಟಿನ ಬಡಗಿಯೂ ಅವನ ಭಾವನೂ ಕೂತಿದ್ದರು. ಗುಡ್ಡದ ಸೈಕಲ್ ದಾರಿಗಳನ್ನು ಪ್ರತಿ ಭಾನುವಾರ ದುರಸ್ತಿ ಮಾಡುವ ಊರಿನ ತಂಡದವರೆಂದು ಅವರ ಅಂಗಿಯ ಬೆನ್ನೇ ಸಾರುತ್ತಿತ್ತು.

“ಮಣ್ಣು ಕೊಚ್ಚಿ ಹೋಗ್ತಿತ್ತು. ಆ ಒಳದಾರಿ ಮುಚ್ಚಲೇಬೇಕಿತ್ತು, ಭಾವ.”

“ದಿಮ್ಮಿ ಅಡ್ಡ ಹಾಕಿದ್ದು ಸರಿ. ಅದರ ಮೇಲೆ ಎಲೆ ಯಾಕೆ ಸುರಿದೆ?”

“ಅಲ್ಲೊಂದು ದಾರಿ ಇತ್ತು ಅಂತ್ಲೇ ಗೊತ್ತಾಗಬಾರದು ಅಂತ ಹೇಳ್ಕೊಟ್ಟೋರು ನೀವೇ ತಾನೇ?”

“ದಾರಿ ಕಾಣಬಾರದು ಅಂದೆ ಪುಣ್ಯಾತ್ಮ, ದಿಮ್ಮಿ ಅಲ್ಲ!”

“ಒಳಗೆ ಮಲಗಿರೋ ಆ ಹುಡುಗಿಗೆ ಆ ದಾರೀದೇ ಹಳೇ ಅಭ್ಯಾಸ. ಸೈಕಲ್ ನೇರ ದಿಮ್ಮಿ ಮೇಲೇ ಇಳಿಸಿಬಿಟ್ಲು.”

“ಇನ್ನೂ ಕಾಲು ಅಲ್ಲಾಡ್ತಿಲ್ಲವಂತೆ.”

“ಅವಳಪ್ಪ ಬಂದ್ರೆ ಏನು ಹೇಳೋದು?”

“ನಾವೇ ಹಾಕಿದ್ದು ಅಂತ.”

“ಇಬ್ಬರೂನಾ?”

“ಮತ್ತೆ? ದಾರಿ ರಿಪೇರಿ ಮಾಡಿದ್ದಕ್ಕೆ ಊರೋರು ಹೊಗಳುವಾಗ ಫೋಟೋದಲ್ಲಿ ಇಬ್ಬರೂ ಇರ್ಲಿಲ್ವಾ?”

ಬಡಗಿ ಥಟ್ಟನೆ ಎದ್ದು ನಿಂತ.

“ಎಲ್ಲಿಗೋ?”

“ದಿಮ್ಮಿ ತೆಗೆಯೋಕೆ.”

“ಪೊಲೀಸರು ನೋಡೋ ಮೊದಲೇನಾ?”

“ಶಾಲೆ ಬಿಟ್ಟ ಮಕ್ಕಳು ಸೈಕಲಲ್ಲಿ ಇಳಿಯೋ ಮೊದಲು, ಭಾವ!”

ಇಬ್ಬರೂ ಬಾಗಿಲತ್ತ ಓಡಿದರು. ಮೇಷ್ಟರ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು. ಶಾಲೆ ಬಿಟ್ಟು ಆಗಲೇ ಐದು ನಿಮಿಷವಾಗಿತ್ತು.