ಕಿಟಕಿಯ ಹಲಗೆಗಳು

ಬಸ್ಸಿನ ಸರದಿಯಲ್ಲಿ ಅವಳ ಮುಂದೆಯೇ ಇಬ್ಬರು ನಿಂತಿದ್ದರು. ಒಬ್ಬರು ನರೆಗೂದಲಿನವರು, ಇನ್ನೊಬ್ಬ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಬಡಗಿ. ಬೇಡವೆಂದರೂ ಮಾತು ಕಿವಿಗೆ ಬಿತ್ತು.

“ಈ ವರ್ಷ ಚಂಡಮಾರುತ ಕಡಿಮೆಯಂತೆ ಭಾವ. ನಿಮ್ಮ ಹವಾಮಾನ ಆಫೀಸಿನವರೇ ಹೇಳಿದಾರೆ, ಬರೀ ನಾಲ್ಕು.”

“ಹೇಳಿರ್ತಾರೆ. ಅದಕ್ಕೇನೀಗ?”

“ಗಾಳಿ ಬಂದಾಗ ಕಿಟಕಿಗೆ ಹೊಡೀತೀವಲ್ಲ, ಆ ಹಲಗೆಗಳಲ್ಲಿ ಮೊಮ್ಮಗಳಿಗೆ ತೊಟ್ಟಿಲು ಮಾಡಿಬಿಟ್ಟೆ. ಒಳ್ಳೆ ಮರ, ಅಟ್ಟದಲ್ಲಿ ಸುಮ್ನೆ ಬಿದ್ದಿತ್ತು.”

“ಅಷ್ಟೂ ಹಲಗೆನಾ?”

“ಅಷ್ಟೂ. ಯಾಕೆ ಮುಖ ಸಣ್ಣಗಾಯ್ತು? ಮೂವತ್ತು ವರ್ಷ ಬಿರುಗಾಳಿ ಎಣಿಸಿದೋರು, ನೀವೇ ನಂಬದಿದ್ರೆ ಇನ್ಯಾರು ನಂಬ್ತಾರೆ?”

“ನಿಮ್ಮಕ್ಕ ಕೊಚ್ಚಿಹೋದ ವರ್ಷ ನಾನು ಎಷ್ಟು ಅಂತ ಹೇಳಿದ್ದೆ, ನೆನಪಿದೆಯಾ?”

ಬಡಗಿ ಕಿವಿಯ ಪೆನ್ಸಿಲ್ ತೆಗೆದು ಕೈಯಲ್ಲಿ ಹಿಡಿದ.

“ಎರಡು. ಲೆಕ್ಕ ತಪ್ಪಲಿಲ್ಲ. ಒಂದು ಕಡಲಲ್ಲೇ ಕರಗಿತು. ಎಷ್ಟು ಅಂತ ಹೇಳಬಹುದು ಕಣಯ್ಯ, ಯಾರ ಮನೆಗೆ ಅಂತ ಹೇಳೋಕಾಗಲ್ಲ. ಮಗು ಈಗೆಲ್ಲಿದೆ?”

“ತೊಟ್ಟಿಲಲ್ಲಿ. ತಂಪಾಗಿರಲಿ ಅಂತ ಕಡಲ ಕಡೆ ಕಿಟಕಿ ಪಕ್ಕ ಇಟ್ಟಿದೀನಿ.”

ಬಸ್ಸು ಬಂತು. ಅವರಿಬ್ಬರೂ ಹತ್ತಲಿಲ್ಲ, ರಸ್ತೆ ದಾಟಿ ಮರದ ಅಂಗಡಿಯತ್ತ ಹೆಚ್ಚುಕಡಿಮೆ ಓಡಿದರು. ಅವಳು ಆಗ ಗಮನಿಸಿದಳು: ಅಂಗಡಿಯ ಮುಂದೆ ಹಲಗೆ ಕೊಳ್ಳುವವರ ಸರದಿ ಬಸ್ಸಿನದಕ್ಕಿಂತ ಉದ್ದವಾಗಿ ಆಗಲೇ ಬೆಳೆದಿತ್ತು.